ಮೂಲೆ ಮನೆಯ ಅಕ್ಕೋರು

ಅಕ್ಕೋರು ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ಬಡಾವಣೆಯ ವಾಟ್ಸಾಪ್ ಗುಂಪಿನಿಂದ. ಸಿಂದಗಿಯ ಆ ಬಡಾವಣೆ ಬಿಟ್ಟು ನಾನು ಬಸವನ ಬಾಗೇವಾಡಿಗೆ ಬಂದು ಕೆಲವು ವರ್ಷಗಳಾದವು. ಆದರೂ ಗುಂಪಿನಿಂದ ಯಾರೂ ನನ್ನನ್ನು ತೆಗೆದಿಲ್ಲ, ನಾನೂ ಹೊರಬಂದಿಲ್ಲ. ಬೆಳಗಿನ ಚಹಾ ಕುಡಿಯುತ್ತಿದ್ದಾಗ ಒಂದರ ಹಿಂದೊಂದು ಕೈಮುಗಿದ ಚಿತ್ರಗಳು ಬಂದವು. ‘ನಮ್ಮ ಬಡಾವಣೆಯ ಹೆಮ್ಮೆ’ ಎಂದು ಒಬ್ಬರು ಬರೆದಿದ್ದರು. ‘ಆದರ್ಶ ಶಿಕ್ಷಕಿ, ತುಂಬಲಾರದ ನಷ್ಟ’ ಎಂದು ಇನ್ನೊಬ್ಬರು. ಹಾಗೆ ಬರೆದವರಲ್ಲಿ ಹೆಚ್ಚಿನವರು ಅವರ ಮನೆಯ ಹೊಸ್ತಿಲನ್ನು ಒಮ್ಮೆಯೂ ದಾಟಿದವರಲ್ಲ. ಒಬ್ಬರಂತೂ ಅವರ ಹೆಸರನ್ನೇ ತಪ್ಪಾಗಿ ಬರೆದಿದ್ದರು. ಅದರ ಕೆಳಗೂ ಹತ್ತು ಜನ ಕೈಮುಗಿದಿದ್ದರು.

ನಾನು ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಂದು ಕಾಗದದ ಮೇಲೆ ಅವರ ಹೆಸರನ್ನು ಎಲ್ಲರಿಗಿಂತ ಮೊದಲು ಬರೆಸಿದವನು ನಾನೇ. ಅದೊಂದು ಸಲ ಸಾಕು.

ಸಿಂದಗಿಯ ಒಂದು ಸರಕಾರಿ ಪ್ರಾಥಮಿಕ ಶಾಲೆಯಲ್ಲಿ ನಾವಿಬ್ಬರೂ ಹನ್ನೊಂದು ವರ್ಷ ಒಟ್ಟಿಗೆ ಕೆಲಸ ಮಾಡಿದೆವು. ನಾನು ಕನ್ನಡ ಮತ್ತು ಸಮಾಜ ಕಲಿಸುತ್ತಿದ್ದೆ, ಅವರು ಗಣಿತ. ನಮ್ಮ ಕಡೆ ಶಿಕ್ಷಕಿಯರನ್ನು ಅಕ್ಕೋರು ಎನ್ನುವುದು ರೂಢಿ. ಶಾಲೆಯಲ್ಲಿ ಇನ್ನೂ ಮೂವರು ಶಿಕ್ಷಕಿಯರಿದ್ದರು, ಅವರೆಲ್ಲ ಕಾಲ ಸರಿದಂತೆ ‘ಮೇಡಂ’ ಆದರು. ಇವರೊಬ್ಬರು ಮಾತ್ರ ಕೊನೆಯವರೆಗೂ ಅಕ್ಕೋರಾಗಿಯೇ ಉಳಿದರು. ಅದರಲ್ಲಿ ಪ್ರೀತಿ ಎಷ್ಟಿತ್ತು, ಸದರ ಎಷ್ಟಿತ್ತು ಎಂದು ಬಿಡಿಸಿ ಹೇಳಲು ನನಗೆ ಇವತ್ತಿಗೂ ಬರುವುದಿಲ್ಲ.

ಅವರು ಇಂಡಿ ತಾಲೂಕಿನವರು. ಊರ ಹೊರಗಿನ ಕೇರಿಯ ಮನೆತನ, ತಂದೆಯ ಕಾಲಕ್ಕೆ ಬೌದ್ಧರಾದವರು. ತಂದೆ ಬೇರೆಯವರ ನಿಂಬೆ ತೋಟಗಳಲ್ಲಿ ಕಾಯಿ ಹರಿಯುವ ಕೆಲಸ ಮಾಡುತ್ತಿದ್ದರಂತೆ. “ನಾ ಲೆಕ್ಕ ಕಲತದ್ದು ಸಾಲ್ಯಾಗ ಅಲ್ರಿ ಸರ, ನಿಂಬಿಕಾಯಿ ಚೀಲದ ಮುಂದ. ಒಂದು ಕಾಯಿ ತಪ್ಪಿದ್ರ ಮಾಲಕ ಮತ್ತ ಮೊದಲಿಂದ ಎಣಸಸ್ತಿದ್ದ” ಎಂದು ಒಮ್ಮೆ ಹೇಳಿದ್ದರು. ಮಕ್ಕಳಿಗೆ ಮಗ್ಗಿ ಬಾಯಿಪಾಠ ಮಾಡಿಸುವಾಗ ಅವರ ಬೆರಳುಗಳು ಏನನ್ನೋ ಎತ್ತಿ ಚೀಲಕ್ಕೆ ಹಾಕುವಂತೆ ತಮ್ಮಷ್ಟಕ್ಕೆ ತಾವೇ ಅಲುಗುತ್ತಿದ್ದವು. ಕೈ ಎತ್ತಿ ಉತ್ತರ ಕೂಗಿದ ಹುಡುಗನಿಗೆ ಅವರು ಎಂದೂ ಭಲೆ ಎಂದದ್ದಿಲ್ಲ. “ಉತ್ತರ ಇರ್ಲಿ. ಹೆಂಗ ಬಂತು ಅದನ್ನ ಹೇಳು” ಎನ್ನುತ್ತಿದ್ದರು. ಸಿಟ್ಟು ಬಂದರೆ ದನಿ ಏರಿಸುತ್ತಿರಲಿಲ್ಲ. ಬೋರ್ಡನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಸಾವಕಾಶವಾಗಿ ಒರೆಸುತ್ತಿದ್ದರು. ಅಷ್ಟು ಹೊತ್ತಿಗೆ ವರ್ಗ ತಾನಾಗಿ ತಣ್ಣಗಾಗುತ್ತಿತ್ತು.

ಇನ್ನೊಂದು ಗುಣವಿತ್ತು. ಓದದೆ ಅವರು ಯಾವ ಕಾಗದಕ್ಕೂ ಸಹಿ ಹಾಕುತ್ತಿರಲಿಲ್ಲ. ಬಿಸಿಯೂಟದ ಅಕ್ಕಿ ಬಂದ ಚೀಟಿಯಿರಲಿ, ಚುನಾವಣೆ ಡ್ಯೂಟಿಯ ಆದೇಶವಿರಲಿ, ಕನ್ನಡಕ ಹಾಕಿಕೊಂಡು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಬೇಕು. ಕಾಗದ ಹಿಡಿದು ಬಂದವನು ನಿಂತೇ ಇರಬೇಕು. ನಾವೆಲ್ಲ ನಗುತ್ತಿದ್ದೆವು. “ಓದದ ಸಹಿ ಮಾಡಿದ್ರ ಅದು ನನ್ನ ಕೈ ಅಷ್ಟ ಆಗ್ತೈತ್ರಿ, ನನ್ನ ಸಹಿ ಆಗೂದಿಲ್ಲ” ಎನ್ನುತ್ತಿದ್ದರು.

ಗಂಡ ಮದುವೆಯಾದ ಕೆಲವೇ ವರ್ಷಕ್ಕೆ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಎಷ್ಟೋ ವರ್ಷ ಅಲ್ಲಿ ಇಲ್ಲಿ ಹಂಗಾಮಿಯಾಗಿ ಕಲಿಸಿ, ನೌಕರಿ ಕಾಯಂ ಆಗುವ ಹೊತ್ತಿಗೆ ವಯಸ್ಸು ಮೀರುತ್ತ ಬಂದಿತ್ತು, ಹಳೆಯ ಪಿಂಚಣಿಯ ಕಾಲವೂ ಮುಗಿದಿತ್ತು. ನಿವೃತ್ತಿಯ ನಂತರ ನಮಗೆಲ್ಲ ತಿಂಗಳು ತಿಂಗಳು ಬರುವ ಹಣ ಅವರಿಗೆ ಹಾಗೆ ಬರುವಂತಿರಲಿಲ್ಲ. ಅದಕ್ಕೇ ಶಿಕ್ಷಕರ ಸಂಘದಿಂದ ಮೋರಟಗಿ ರಸ್ತೆಯ ಕಡೆ ನಿವೇಶನ ಮಾಡುತ್ತಾರೆಂದಾಗ ಮೊದಲ ದಿನವೇ ಹೋಗಿ ಅರ್ಜಿ ತುಂಬಿದರು. “ಪಿಂಚಣಿ ಇದ್ದವರು ಮನಿ ಕಟ್ಟಿ ಒಳಗ ಇರ್ತಾರ. ನಾ ಮನಿ ಕಟ್ಟಿ ಅದನ್ನ ಪಿಂಚಣಿ ಮಾಡಕೋತೇನಿ” ಎಂದರು. ನಿವೃತ್ತಿಯಾದ ಮೇಲೆ ಮನೆ ಮಾರಿ, ಆಲಮಟ್ಟಿಯಲ್ಲಿರುವ ವಿಧವೆ ತಂಗಿಯ ಜೊತೆ ಇರಬೇಕು, ಆ ದುಡ್ಡಿನಲ್ಲಿ ಇಬ್ಬರ ಬದುಕು ನಡೆಯಬೇಕು ಎನ್ನುವುದು ಅವರ ಲೆಕ್ಕ.

ನಿವೇಶನ ಹಂಚಿದ್ದು ಚೀಟಿ ಎತ್ತಿ. ಅಕ್ಕೋರಿಗೆ ಮೂಲೆಯ ನಿವೇಶನ ಬಂತು. ಎರಡು ಕಡೆ ರಸ್ತೆ, ಎದುರಿಗೆ ಗಾಯರಾಣ, ದನ ಮೇಯಲು ಬಿಟ್ಟ ಸರಕಾರಿ ಬಯಲು, ಎಲ್ಲರ ಕಣ್ಣೂ ಇದ್ದ ಜಾಗ. ನನಗೆ ಅದರ ಮಗ್ಗುಲದ್ದು ಬಂತು. ಬಡಾವಣೆಯ ಅಧ್ಯಕ್ಷರು, ನಿವೃತ್ತ ಹೆಡ್‌ಮಾಸ್ತರು, ಅಲ್ಲೇ ಎದ್ದು ನಿಂತು ಹೇಳಿದರು: “ಅಕ್ಕೋರ, ನೀವು ಒಬ್ಬರ ಅದೀರಿ. ಒಳಗಿನ ಸಾಲಿನ್ಯಾಗ ಒಂದು ಕೊಡ್ತೇವಿ, ಅದು ನಿಮಗ ಬೇಸು. ಮೂಲಿದು ದೊಡ್ಡ ಸಂಸಾರ ಇದ್ದವರಿಗೆ ಬಿಡ್ರಿ.”

“ಚೀಟಿ ಎತ್ತಿದ್ದು ನೀವ ಅಲ್ರಿ ಸರ? ನಿಮ್ಮ ಕೈಯಿಂದನ ಬಂದೈತಿ. ಇರ್ಲಿ ಬಿಡ್ರಿ” ಎಂದು ಅಕ್ಕೋರು ಚೀಟಿಯನ್ನು ಮಡಚಿ ಪರ್ಸಿನಲ್ಲಿ ಇಟ್ಟುಕೊಂಡರು.

ಮೂರು ಕೋಣೆಯ ಮನೆ. ನೆಲಕ್ಕೆ ಶಹಾಬಾದ್ ಪರಸಿ ಕಲ್ಲು, ಹಿತ್ತಲಲ್ಲಿ ಒಂದು ನುಗ್ಗೆ ಗಿಡ, ಒಂದು ಬೋರು. ಕಟ್ಟುವಾಗ ಶಾಲೆ ಬಿಟ್ಟೊಡನೆ ಓಡಿ ಬಂದು ತಾವೇ ಪೈಪು ಹಿಡಿದು ಗೋಡೆಗೆ ನೀರು ಹೊಡೆಯುತ್ತಿದ್ದರು. ಗೃಹಪ್ರವೇಶಕ್ಕೆ ಬಡಾವಣೆಯವರೆಲ್ಲ ಹೋದೆವು, ಅಂಗಳದ ಪೆಂಡಾಲಿನಲ್ಲಿ ಕೂತೆವು, ಬಾಟಲಿಯ ಶರಬತ್ತು ಕುಡಿದು ಬಂದೆವು. ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಒಬ್ಬೊಬ್ಬರಿಗೆ ಒಂದೊಂದು ಕೆಲಸ ನೆನಪಾಯಿತು.

ಇದನ್ನು ಹೇಳುವಾಗ ನನ್ನನ್ನು ಹೊರಗಿಟ್ಟು ಹೇಳುವುದು ಸರಿಯಲ್ಲ. ಶಾಲೆಯಲ್ಲಿ ನಾನು ಅವರ ಡಬ್ಬಿಯ ಪಲ್ಯ ಹಾಕಿಸಿಕೊಂಡು ತಿನ್ನುತ್ತಿದ್ದೆ, ಅದನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳುತ್ತಲೂ ಇದ್ದೆ. ಮಗ್ಗುಲ ಮನೆಯವರಾದ ಮೊದಲ ಸಂಕ್ರಾಂತಿಗೆ ಅಕ್ಕೋರು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ತುಂಬಿ ಒಂದು ದೊಡ್ಡ ಡಬ್ಬಿ ಕಳಿಸಿದರು. ನನ್ನ ಹೆಂಡತಿ ನಗುತ್ತ ಇಸಿದುಕೊಂಡಳು. ಸಂಜೆ ಅದೆಲ್ಲವೂ ಗೇಟಿನ ಹೊರಗೆ ಬೀದಿ ಆಕಳಿನ ಮುಂದೆ ಬಿತ್ತು. ಡಬ್ಬಿಯನ್ನು ಬರಿದೇ ಕೊಡಬಾರದೆಂದು ಅದರ ತುಂಬ ಸಕ್ಕರೆ ಹಾಕಿ ಹಿಂದಿರುಗಿಸಿದಳು. ನಾನು ನೋಡಿದೆ. ಅಕ್ಕೋರೂ ನೋಡಿದ್ದರು. ಅವರ ಅಂಗಳದಿಂದ ನಮ್ಮ ಗೇಟು ಹತ್ತು ಹೆಜ್ಜೆ. ಮರುವರ್ಷದ ಸಂಕ್ರಾಂತಿಗೆ ಅವರಿಂದ ಬಂದದ್ದು ಒಂದು ಚೀಲ ಹಸಿ ಶೇಂಗಾ, ಒಂದು ಪುಡಿಕೆ ಹುರಿಯದ ಎಳ್ಳು. ಬೇಯಿಸಿದ್ದು ಏನೂ ಇರಲಿಲ್ಲ. ಆಮೇಲಿನ ಪ್ರತಿ ವರ್ಷವೂ ಹಾಗೆಯೇ. “ನಿಮ್ಮ ಮನ್ಯಾಗ ಚಲೋ ಮಾಡ್ತಾರ, ಅವರ ಮಾಡ್ಲಿ” ಎಂದು ನಗುತ್ತಿದ್ದರು. ಹೆಂಡತಿ ಆ ಶೇಂಗಾದಿಂದ ಹೋಳಿಗೆ ಮಾಡುತ್ತಿದ್ದಳು. ನಾವು ತಿನ್ನುತ್ತಿದ್ದೆವು.

ಎದುರಿನ ಗಾಯರಾಣದಲ್ಲಿ ಸರಕಾರದಿಂದ ಅಪಾರ್ಟ್‌ಮೆಂಟ್ ಕಟ್ಟುತ್ತಾರೆಂಬ ಸುದ್ದಿ ಬಂದದ್ದು ಅವರ ನಿವೃತ್ತಿಗೆ ಐದಾರು ವರ್ಷ ಇರುವಾಗ. ನೆಲದ ಮೇಲೆ ಮೂರು ಅಂತಸ್ತು, ಒಂದೊಂದು ಅಂತಸ್ತಿನಲ್ಲಿ ಸಾಲಾಗಿ ಸಣ್ಣ ಮನೆಗಳು. ಕೆರೆಯ ದಂಡೆಯ ಮೇಲೆ ತಗಡಿನ ಶೆಡ್ಡುಗಳಲ್ಲಿದ್ದ, ಸ್ವಂತ ಜಾಗವಿಲ್ಲದ ಕುಟುಂಬಗಳಿಗೆ ಕೊಡುವುದು. ಯಾರ್‍ಯಾರಿಗೆ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಅಧ್ಯಕ್ಷರ ಮನೆಯ ಪಡಸಾಲೆಯಲ್ಲಿ ಸಭೆ ಸೇರಿತು. ಅಕ್ಕೋರಿಗೆ ಹೇಳಿರಲಿಲ್ಲ. “ನಾವೇನ್ ಜಾತಿ ಮಾತಾಡಾಕತ್ತಿಲ್ಲ, ಅದನ್ನ ಯಾರೂ ತಪ್ಪು ತಿಳಕೋಬ್ಯಾಡ್ರಿ” ಎಂದು ಅಧ್ಯಕ್ಷರು ಶುರು ಮಾಡಿದರು. “ಇದು ಮನಿ ರೇಟಿನ ಮಾತು. ಜೀವಮಾನದ ಗಳಿಕಿ ಹಾಕೇವಿ. ಕಿಟಕಿ ತಗದ್ರ ಎದುರಿಗೆ ಮೂರಂತಸ್ತಿನ್ಯಾಗ ಅರಿವಿ ತೂಗಾಡ್ತಿದ್ರ ಯಾವ ಮನಿಷ್ಯಾ ಬಂದು ನಮ್ಮ ಮನಿ ತಗೋತಾನ?” ರೇಟು ಬೀಳುತ್ತದೆಂಬುದರಲ್ಲಿ ಯಾರಿಗೂ ಸಂದೇಹವಿರಲಿಲ್ಲ. ವಿಜಯಪುರದಲ್ಲಿ ಹಾಗಾಯಿತಂತೆ, ಸೊಲ್ಲಾಪುರದಲ್ಲಿ ಹೀಗಾಯಿತಂತೆ ಎಂದು ಒಬ್ಬೊಬ್ಬರೂ ಒಂದೊಂದು ಹೇಳಿದರು. ಕೊನೆಗೆ ಜಿಲ್ಲೆಯ ಅಧಿಕಾರಿಗಳಿಗೆ ಅರ್ಜಿ ಕೊಡುವುದೆಂದು ಆಯಿತು. ಒಳ್ಳೆಯ ಕನ್ನಡ ಬರೆಯುವವನೆಂದು ಅದು ನನ್ನ ಪಾಲಿಗೆ ಬಂತು. ಒಂದು ಹೆಮ್ಮೆಯೂ ಇತ್ತು, ಸುಳ್ಳು ಹೇಳಲಾರೆ. ‘ಸದರಿ ಬಹುಮಹಡಿ ವಸತಿಯಿಂದ ಶಾಂತ ಪರಿಸರಕ್ಕೆ ಧಕ್ಕೆಯುಂಟಾಗಿ ನಿವಾಸಿಗಳ ಮನೆಗಳ ಮೌಲ್ಯವು ಕುಸಿಯುವುದರಿಂದ’ ಎಂದು ಬರೆದು ನಾನೇ ಎರಡು ಸಲ ಓದಿಕೊಂಡು ಖುಷಿಪಟ್ಟೆ.

ಅಧ್ಯಕ್ಷರು ಓದಿ ತಲೆದೂಗಿದರು. ಆಮೇಲೆ ದನಿ ತಗ್ಗಿಸಿ, “ಮೊದಲ ಸಹಿ ಅಕ್ಕೋರದು ಇರ್ಲಿ” ಎಂದರು. “ಅವರದು ಮೊದಲಿದ್ರ ನಮ್ಮ ಮ್ಯಾಲ ಯಾರೂ ಬ್ಯಾರೆ ಮಾತು ಹಚ್ಚೂದಿಲ್ಲ. ನೀವ ಹೋಗ್ರಿ. ನಿಮ್ಮ ಮಾತು ಕೇಳ್ತಾರ.”

ನಾನು ಹೋದೆ. ಭಾನುವಾರ, ಅವರು ಅಂಗಳದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದರು. ಕಾಗದ ಕೊಟ್ಟೆ. ಕನ್ನಡಕ ತಂದು, ಮೊರ ಬದಿಗಿಟ್ಟು, ಮೊದಲ ಸಾಲಿನಿಂದ ಓದಿದರು. ನಾನು ನಿಂತೇ ಇದ್ದೆ.

“ಭಾಷಾ ಚಲೋ ಐತಿ. ನಿಮ್ದ ಅಲ್ರಿ?”

“ಹೌದ್ರಿ.”

“ಅಲ್ಲಿ ಬರೋರು ಯಾರಂತ ಗೊತ್ತೈತಿ ಅಲ್ರಿ ನಿಮಗ?”

“ಅದರ ಮಾತಲ್ರಿ ಅಕ್ಕೋರ. ಮನಿ ರೇಟು...”

“ನನಗ ನಿಮಗಿಂತ ಚಲೋ ಗೊತ್ತೈತ್ರಿ. ನಮ್ಮ ಚಿಗವ್ವನ ಮಗಳು ಶಾಂತವ್ವ ಆ ಶೆಡ್ಡಿನ್ಯಾಗ ಅದಾಳ. ಆಕಿ ಮಕ್ಕಳಿಗೆ ನಾನ ಕಲಸೇನಿ, ನೀವೂ ಕಲಸೀರಿ.” ಕಾಗದದ ಕೆಳಗಿದ್ದ ಖಾಲಿ ಗೆರೆಗಳನ್ನು ನೋಡಿದರು. “ಮೊದಲ ನಂಬರ ನನಗ್ಯಾಕ್ರಿ? ಇಷ್ಟು ವರ್ಷದಾಗ ಯಾವ ಲಿಸ್ಟಿನ್ಯಾಗೂ ನನ್ನ ಹೆಸರು ನೀವ್ಯಾರೂ ಮೊದಲು ಬರೀಲಿಲ್ಲ.”

‘ಬ್ಯಾಡಾದ್ರ ಬಿಡ್ರಿ’ ಎಂದು ಕಾಗದ ಇಸಿದುಕೊಂಡು ಬರಬಹುದಿತ್ತು. ಅದನ್ನೂ ಮಾಡಲಿಲ್ಲ.

ಅವರು ಬಹಳ ಹೊತ್ತು ಎದುರಿನ ಬಯಲು ನೋಡಿದರು. “ನಿಮ್ಮ ಭಯ ಒಂದು, ನನ್ನ ಭಯ ಒಂದು ಐತ್ರಿ ಸರ. ಅವರು ಬಂದ್ರ ನಿಮ್ಮ ಮನಿ ರೇಟು ಬೀಳ್ತೈತೋ ಇಲ್ಲೋ ನಾ ಅರಿಯೆ. ನನ್ನ ಮನಿ ಬೀಳ್ತೈತಿ. ಈಗ ಇದು ಮಾಸ್ತರ ಕಾಲೋನ್ಯಾಗಿನ ಮನಿ. ಅವರು ಬಂದ ಮ್ಯಾಲ ಇದು ಅತ್ತಾಗಿನ ಮನಿ ಆಗ್ತೈತಿ. ನನ್ನ ಕೈಯಾಗ ಇರೂದು ಇದೊಂದ.” ಎದ್ದು ಒಳಗೆ ಹೋಗಿ ಪೆನ್ನು ತಂದರು. ದುಂಡಾದ ಅಕ್ಷರಗಳಲ್ಲಿ ಪೂರ್ತಿ ಹೆಸರು ಬರೆದು ಸಹಿ ಮಾಡಿದರು. ಕಾಗದ ಕೊಡುತ್ತ, “ಓದಿ ಮಾಡೇನಿ. ನಾಳಿ ಯಾರರ ಕೇಳಿದ್ರ ಓದದ ಮಾಡ್ಯಾರ ಅಂತ ಹೇಳಬ್ಯಾಡ್ರಿ” ಎಂದರು.

ಅರ್ಜಿಯಿಂದ ಕೆಲಸ ಒಂದು ವರ್ಷ ನಿಂತಿತು. ಆ ಮಳೆಗಾಲದಲ್ಲಿ ಕೆರೆಯ ನೀರು ಶೆಡ್ಡುಗಳಿಗೆ ನುಗ್ಗಿ ಅಲ್ಲಿದ್ದವರು ಪಾತ್ರೆ-ಪಡಗ ಹೊತ್ತು ಒಂದು ವಾರ ಶಾಲೆಯ ವರಾಂಡದಲ್ಲಿ ಮಲಗಿದರು. ತಮ್ಮ ಮನೆ ಯಾಕೆ ನಿಂತಿದೆ ಎಂದು ಅವರು ಕಚೇರಿಗೆ ಹೋಗಿ ಕೇಳಿದಾಗ ಅರ್ಜಿಯ ನಕಲು ಅವರ ಕೈಗೆ ಸಿಕ್ಕಿತು. ಓದಲು ಬಲ್ಲ ಹುಡುಗಿಯೊಬ್ಬಳು ಸಹಿಗಳನ್ನು ಮೇಲಿನಿಂದ ಓದಿದಳು. ಮೊದಲ ಹೆಸರೇ ಸಾಕಾಯಿತು. ಉಳಿದ ನಲವತ್ತು ಹೆಸರುಗಳನ್ನು ಯಾರೂ ಕೇಳಿಸಿಕೊಳ್ಳಲಿಲ್ಲ.

ಶಾಂತವ್ವ ಏಳೆಂಟು ಹೆಂಗಸರ ಜೊತೆ ಮೂಲೆ ಮನೆಗೆ ಬಂದಳು. ನಾನು ನಮ್ಮ ಅಂಗಳದಲ್ಲಿದ್ದೆ.

“ಅಕ್ಕಾ,” ಎಂದಳು ಶಾಂತವ್ವ, “ನಾವು ನಿನ್ನ ಎದುರಿಗಿದ್ರ ನಿನ್ನ ಮನಿ ಕಿಮ್ಮತ್ತು ಕಡಿಮಿ ಆಗ್ತೈತೇನ?”

ಅಕ್ಕೋರು ಗೇಟು ತೆರೆದು ಹೊರಗೆ ಬಂದರು. “ಆಗ್ತೈತಿ ಅಂತ ಬರದಾರ. ನಾ ಓದಿ ಸಹಿ ಮಾಡೇನಿ.”

“ಯಾರು ಬರದಾರ?”

ಆಗ ಅಕ್ಕೋರು ನನ್ನ ಕಡೆ ನೋಡಲಿಲ್ಲ. ಹತ್ತು ಹೆಜ್ಜೆ ದೂರದಲ್ಲಿ ನಾನು ಕೈಯಲ್ಲಿ ಪೇಪರು ಹಿಡಿದು ನಿಂತಿದ್ದೆ. “ಯಾರು ಬರದ್ರೇನು? ಸಹಿ ನಂದೈತಿ” ಎಂದರು. ಹೆಂಗಸರಲ್ಲಿ ಒಬ್ಬಳು ನೆಲಕ್ಕೆ ಉಗುಳಿದಳು. ಶಾಂತವ್ವ ಅವಳ ತೋಳು ಹಿಡಿದು ಎಳೆದುಕೊಂಡು ಹೋದಳು. ನಾನು ಒಳಗೆ ಹೋದೆ. ಹೆಂಡತಿ ಏನು ಗಲಾಟೆ ಎಂದು ಕೇಳಿದಳು. ಅವರವರ ಮನೆತನದ ಮಾತು ಎಂದೆ.

ಮುಂದಿನ ವರ್ಷ ಕಟ್ಟಡ ಎದ್ದಿತು. ನಾವು ಹೆದರಿದ್ದ ಯಾವುದೂ ಆಗಲಿಲ್ಲ. ಇಷ್ಟು ಕುಟುಂಬ ಬಂದವೆಂದು ಊರಿನಿಂದ ಡಾಂಬರು ರಸ್ತೆ ಬಂತು, ಗಟಾರ ಬಂತು, ಬೀದಿ ದೀಪ ಬಂದವು. ಎಷ್ಟೋ ವರ್ಷ ನಾವು ಓಡಾಡಿ ಕೇಳಿದರೂ ಆಗದ ಕುಡಿಯುವ ನೀರಿನ ಪೈಪು ಅವರ ನೆಪದಲ್ಲಿ ನಮ್ಮ ಮನೆಗಳಿಗೂ ಬಂತು. ಕಿರಾಣಿ ಅಂಗಡಿ, ಔಷಧ ಅಂಗಡಿ, ಹಿಟ್ಟಿನ ಗಿರಣಿ ಎಲ್ಲ ಕೂಗಳತೆಯಲ್ಲಿ. ಆಟೋ ನಿಲ್ಲತೊಡಗಿದವು. ಮೊದಲು ಈ ಕಡೆ ಹಾಯದ ದಲಾಲರು ದಿನಾ ಬೈಕಿನ ಮೇಲೆ ಸುತ್ತು ಹಾಕತೊಡಗಿದರು. ಬಡಾವಣೆಯ ಮನೆಗಳ ರೇಟು ನೋಡನೋಡುತ್ತ ಏರಿತು. ಅಧ್ಯಕ್ಷರು ತಮ್ಮದನ್ನು ಒಳ್ಳೆಯ ಬೆಲೆಗೆ ಮಾರಿ ಮಗನ ಬಳಿ ಹುಬ್ಬಳ್ಳಿಗೆ ಹೋದರು. ಹೋಗುವ ದಿನ, “ದೂರದೃಷ್ಟಿ ಇಟ್ಟು ಇಲ್ಲಿ ಕಟ್ಟಿದ್ವಿ” ಎಂದು ಹೇಳಿ ಹೋದರು.

ಅಪಾರ್ಟ್‌ಮೆಂಟಿನವರು ಅಕ್ಕೋರ ಜೊತೆ ಮಾತು ಬಿಟ್ಟಿದ್ದರು. ದಾರಿಯಲ್ಲಿ ಸಿಕ್ಕ ಮಕ್ಕಳಿಗೆ ಮನೆಯವರು ಹೇಳಿಕೊಟ್ಟಿದ್ದರೇನೋ, ಅವೂ ನಮಸ್ಕಾರ ಬಿಟ್ಟವು. ಮೊದಲ ಬೇಸಿಗೆಯಲ್ಲಿ ಅಪಾರ್ಟ್‌ಮೆಂಟಿನ ಮೋಟಾರು ಕೆಟ್ಟು ನೀರು ನಿಂತಿತು. ಎರಡನೇ ದಿನ ಅಕ್ಕೋರು ತಮ್ಮ ಬೋರಿಗೆ ಉದ್ದನೆಯ ಪೈಪು ಹಚ್ಚಿ ರಸ್ತೆ ದಾಟಿಸಿ ಎದುರಿನ ಗೇಟಿನೊಳಗೆ ಎಸೆದರು. ಬೆಳಿಗ್ಗೆ ಒಂದು ತಾಸು, ಸಂಜೆ ಒಂದು ತಾಸು. ನೀರು ಚೆಲ್ಲಿದರೆ ಶಾಲೆಯಲ್ಲಿ ಬೈದಂತೆಯೇ ಬೈಯುತ್ತಿದ್ದರು. ಆಗಿನ್ನೂ ಅಲ್ಲೇ ಇದ್ದ ಅಧ್ಯಕ್ಷರು ಬಂದು, “ಹಿಂಗ ಕೊಟ್ರ ಅವರಿಗೆ ರೂಢಿ ಆಗಿಬಿಡ್ತೈತಿ ಅಕ್ಕೋರ” ಎಂದರು. “ಆಗ್ಲಿ ಬಿಡ್ರಿ. ಇಲ್ಲೇ ಇರಾಕ ಬಂದಾರ” ಎಂದು ಅಕ್ಕೋರು ಪೈಪಿನ ಗಂಟು ಬಿಗಿ ಮಾಡಿದರು. ಮೋಟಾರು ರಿಪೇರಿ ಆಗಲು ತಿಂಗಳು ಹಿಡಿಯಿತು. ಅಷ್ಟರಲ್ಲಿ ಪೈಪು ಎಳೆಯುವ ನೆಪದಲ್ಲಿ ಶಾಂತವ್ವ ಎರಡು ಮಾತು ಆಡತೊಡಗಿದ್ದಳು.

ನಿವೃತ್ತಿಯಾದ ಕೂಡಲೆ ಅಕ್ಕೋರು ಮನೆ ಮಾರಲು ಹೇಳಿಟ್ಟರು. ನೋಡಲು ಬಂದವರಿಗೆ ಲೆಕ್ಕವಿಲ್ಲ. ಮೂಲೆ ಮನೆ, ಎರಡು ರಸ್ತೆ, ಸಿಹಿನೀರಿನ ಬೋರು. ಖುಷಿಯಾಗಿ ಒಳಗೆ ಹೋದವರು ಹೊರಬರುವಾಗ ಯೋಚನೆ ಮಾಡಿ ಹೇಳುತ್ತೇವೆ ಎನ್ನುತ್ತಿದ್ದರು. ಒಳಗಿನ ಗೋಡೆಯ ಫೋಟೋಗಳನ್ನು ನೋಡಿ ಕೆಲವರು, ಅಕ್ಕಪಕ್ಕ ವಿಚಾರಿಸಿ ಕೆಲವರು. ದಲಾಲನೇ ಒಮ್ಮೆ, “ಫೋಟೋ ಒಂದೀಟು ತಗದಿಡ್ರಿ ಅಕ್ಕೋರ” ಎಂದನಂತೆ. ಅವರು ತೆಗೆಯಲಿಲ್ಲ.

ಮುದ್ದೇಬಿಹಾಳದ ಕಾಳಿನ ವ್ಯಾಪಾರಿಯೊಬ್ಬರು ಬಂದರು. ಮಗನಿಗೆ ಸಿಂದಗಿಯಲ್ಲಿ ನೌಕರಿ, ಮನೆ ಬೇಕಿತ್ತು. ಮೂಲೆ ಮನೆ ಮನಸ್ಸಿಗೆ ಬಂದು, ಸಂಚಕಾರದ ಮುಂಗಡ ಕೊಡುವ ಮಾತಾಡಿ ಹೊರಗೆ ಬಂದವರು ನನ್ನನ್ನು ಕಂಡು ನಿಂತರು. ಒಳಗೆ ಕರೆದು ನೀರು ಕೊಟ್ಟೆ.

“ಮನಿ ಚಲೋ ಐತ್ರಿ,” ಎಂದರು. “ಆ ಅಕ್ಕೋರು ಯಾರ ಪೈಕಿಯವ್ರಿ? ಎದುರಿನ ಬಿಲ್ಡಿಂಗಿನ ಮಂದಿ ಪೈಕಿ ಏನ್ರಿ?”

ಗೊತ್ತಿಲ್ಲ ಎನ್ನಬಹುದಿತ್ತು. ನನ್ನ ಜೊತೆ ಕೆಲಸ ಮಾಡಿದ ಗಣಿತದ ಟೀಚರು ಎನ್ನಬಹುದಿತ್ತು. ಅದು ನಿಮಗ್ಯಾಕೆ ಎಂದೂ ಕೇಳಬಹುದಿತ್ತು. ನಾನು ಹೇಳಿದ್ದು: “ಹೌದ್ರಿ. ಆದ್ರ ಭಾಳ ಚಲೋ ಮಂದಿ.”

ಆ ‘ಆದ್ರ’ ಎಂಬ ಒಂದು ಮಾತು ನನ್ನ ಬಾಯಿಂದ ಅಷ್ಟು ಸಲೀಸಾಗಿ ಹೇಗೆ ಬಂತೆಂದು ಈಗ ಯೋಚಿಸುತ್ತೇನೆ. ಅವರು ನೀರು ಕುಡಿದು ಲೋಟ ಕೆಳಗಿಟ್ಟರು. ನಮ್ಮ ಪಡಸಾಲೆಯ ಛತ್ತು, ಗೋಡೆ, ನೆಲವನ್ನೆಲ್ಲ ಒಮ್ಮೆ ನೋಡಿ, “ನಿಮ್ದೇನರ ಕೊಡೂದೈತೇನ್ರಿ?” ಎಂದು ಕೇಳಿದರು.

ನಮಗೆ ಬಾಗೇವಾಡಿಯಲ್ಲಿ ಹೆಂಡತಿಯ ತವರಿನ ಕಡೆಯ ಜಾಗವಿತ್ತು, ಅಲ್ಲಿ ಮನೆ ಕಟ್ಟುವ ಆಸೆಯೂ ಇತ್ತು. ಎಂಟು ದಿನದಲ್ಲಿ ಮಾತು ಮುಗಿಯಿತು. ಅಕ್ಕೋರ ಮನೆಗೆ ಬಂದವರಿಗೆ ನನ್ನ ಮನೆಯನ್ನು ಕೊಟ್ಟೆ.

ಸಾಮಾನು ಲಾರಿಗೆ ಏರಿಸುವ ದಿನ ಅವರು ಬಂದು ಗೇಟಿನ ಹತ್ತಿರ ನಿಂತರು. ಒಳಗೆ ಬರ್ರಿ ಎಂದೆ, ಬರಲಿಲ್ಲ.

“ಮುದ್ದೇಬಿಹಾಳದವರು ಮೊದಲ ನನ್ನ ಮನಿ ನೋಡಿದ್ರು.”

“ಹೌದ್ರಿ” ಎಂದೆ. ನೆಲ ನೋಡುತ್ತಿದ್ದೆ.

“ಭಾಳ ಇಷ್ಟಪಟ್ಟಿದ್ರು. ನಿಮ್ಮಲ್ಲಿಗೆ ನೀರು ಕುಡ್ಯಾಕ ಬಂದು ಹೋದ ಮ್ಯಾಲ ಫೋನ್ ಎತ್ತಲಿಲ್ಲ.” ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ವರ್ಗದಲ್ಲಿ ಲೆಕ್ಕದ ಮೆಟ್ಟಿಲು ಒಂದೊಂದಾಗಿ ಹೇಳುವಾಗಿನ ದನಿಯೇ ಇತ್ತು. “ಅರ್ಜ್ಯಾಗ ಮನಿ ರೇಟು ಬೀಳ್ತಾವ ಅಂತ ಬರದಿದ್ರಿ. ಎಲ್ಲಾರದೂ ಏರಿತು, ನಂದೊಂದು ಬಿತ್ತು. ಎದುರಿನ ಬಿಲ್ಡಿಂಗು ಕೆಡವಲಿಲ್ರಿ ಸರ ಅದನ್ನ. ಎದುರಿನವರು ಏನೂ ಮಾಡಲಿಲ್ಲ.”

ಲಾರಿಯವನು ಹಾರ್ನು ಹೊಡೆದ. ಹೋಗಿ ಬರ್ತೇನಿ ಎಂದೆ. “ಹೋಗಿ ಬರ್ರಿ. ಮನ್ಯಾಗ ಕೇಳೇನಿ ಅಂತ ಹೇಳ್ರಿ” ಎಂದು ತಮ್ಮ ಮನೆಯ ಕಡೆ ತಿರುಗಿದರು.

ಎರಡು ವರ್ಷ ಕಾದು, ತಂಗಿಯ ಕಾಯಿಲೆ ಹೆಚ್ಚಾಗಿ, ಕೊನೆಗೆ ಒಬ್ಬ ಬಿಲ್ಡರನಿಗೆ ಆ ಮನೆ ಕೊಟ್ಟರು. ನನ್ನ ಮನೆಗೆ ಬಂದದ್ದರ ಅರ್ಧವೂ ಬರಲಿಲ್ಲ ಎಂದು ಕೇಳಿದೆ. ಜಾಗ ದೊಡ್ಡದು, ರಸ್ತೆ ಎರಡು ಎಂಬುದು ಲೆಕ್ಕಕ್ಕೆ ಬರಲಿಲ್ಲ. ಬಿಲ್ಡರ್ ತಿಂಗಳೊಳಗೆ ಮನೆ ಕೆಡವಿದ. ಪರಸಿ ಕಿತ್ತು, ನುಗ್ಗೆ ಗಿಡ ಕಡಿದು, ಅದೇ ಜಾಗದಲ್ಲಿ ನಾಲ್ಕಂತಸ್ತಿನ ಅಪಾರ್ಟ್‌ಮೆಂಟ್ ಎಬ್ಬಿಸಿದ. ಲಿಫ್ಟು, ಕೆಳಗೆ ಕಾರು ನಿಲ್ಲಿಸುವ ಜಾಗ, ಬಾಗಿಲಲ್ಲಿ ಕಾವಲುಗಾರ. ಮನೆಗಳು ಕಟ್ಟುವ ಮೊದಲೇ ಮಾರಿಹೋದವು. ಕೊಂಡವರಲ್ಲಿ ಇಬ್ಬರು ನಮ್ಮ ಬಡಾವಣೆಯವರೇ, ಮಕ್ಕಳ ಹೆಸರಿನಲ್ಲಿ. ಆ ಜಾಗ ಮೊದಲು ಯಾರದಿತ್ತೆಂದು ಒಬ್ಬರೂ ವಿಚಾರಿಸಲಿಲ್ಲ. ಬಿಸಿಲು ಅಡ್ಡವಾಯಿತೆಂದಾಗಲೀ, ಬಾಲ್ಕನಿಯಲ್ಲಿ ಅರಿವೆ ತೂಗುತ್ತವೆಂದಾಗಲೀ ಯಾರೂ ಅರ್ಜಿ ಬರೆಯಲಿಲ್ಲ. ಗೃಹಪ್ರವೇಶದ ಊಟದ ಫೋಟೋಗಳು ಗುಂಪಿನಲ್ಲಿ ಬಂದವು. ಎಲ್ಲರೂ ಸಾಲಾಗಿ ಕೂತು ಉಣ್ಣುತ್ತಿದ್ದರು.

ಅಕ್ಕೋರು ಆಲಮಟ್ಟಿಯಲ್ಲಿ ತಂಗಿಯ ಜೊತೆ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದರು. ಬಾಗೇವಾಡಿಯಿಂದ ಬಸ್ಸಿನಲ್ಲಿ ಒಂದು ತಾಸಿನ ದಾರಿ. ಹೋಗಬೇಕು ಎಂದು ಎಷ್ಟೋ ಸಲ ಅಂದುಕೊಂಡೆ. ಹೋಗಲಿಲ್ಲ.

ಸುದ್ದಿ ಬಂದ ದಿನ ಆಲಮಟ್ಟಿಗೆ, ಮಣ್ಣಿಗೆ ಹೋದೆ. ಸಿಂದಗಿಯ ಬಡಾವಣೆಯಿಂದ ಯಾರೂ ಬಂದಿರಲಿಲ್ಲ. ಎದುರಿನ ಅಪಾರ್ಟ್‌ಮೆಂಟಿನಿಂದ ಒಂದು ಟೆಂಪೊ ತುಂಬ ಜನ ಬಂದಿದ್ದರು. ಹೆಂಗಸರು, ಅಕ್ಕೋರ ಕೈಯಲ್ಲಿ ಕಲಿತು ಈಗ ಮೀಸೆ ಬಂದವರು. ತಂಗಿಗೆ ಏಳಲು ಆಗುತ್ತಿರಲಿಲ್ಲ, ಶಾಂತವ್ವನೇ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದಳು. ಹಿನ್ನೀರಿನ ಕಡೆಯಿಂದ ಗಾಳಿ ಜೋರಾಗಿ ಬೀಸುತ್ತಿತ್ತು, ಮೇಣದಬತ್ತಿಗಳು ಮತ್ತೆ ಮತ್ತೆ ಆರುತ್ತಿದ್ದವು. ನಾನೂ ಒಂದು ಹಿಡಿ ಮಣ್ಣು ಹಾಕಿದೆ.

ಎಲ್ಲ ಮುಗಿದ ಮೇಲೆ ಶಾಂತವ್ವ ನನ್ನ ಹತ್ತಿರ ಬಂದಳು. “ನೀವೊಬ್ಬರರ ಬಂದ್ರಿ ಸರ. ಅಕ್ಕಗ ಸಮಾಧಾನ ಆಗಿರ್ತೈತಿ” ಎಂದಳು. “ಒಂದು ಮಾತು ಕೇಳ್ತೇನ್ರಿ. ಆ ಅರ್ಜಿ ಬರದಾವ ಯಾರಂತ ಅಕ್ಕನ್ನ ಎಷ್ಟೋ ಸಲ ಕೇಳೇನಿ. ಕಡೀಕೂ ಹೇಳಲಿಲ್ಲ. ನೀವು ಅಲ್ಲೇ ಇದ್ರಿ, ನಿಮಗ ಗೊತ್ತಿರಬೇಕಲ್ರಿ?”

ಅವಳ ಕಣ್ಣುಗಳು ಅತ್ತು ಕೆಂಪಾಗಿದ್ದವು. ನನ್ನ ಮೇಲೆ ಯಾವ ಸಂಶಯವೂ ಅವುಗಳಲ್ಲಿರಲಿಲ್ಲ.

“ಇಲ್ಲವಾ. ಗೊತ್ತಿಲ್ಲ” ಎಂದೆ.

“ಹೋಗ್ಲಿ ಬಿಡ್ರಿ. ಈಗ ಗೊತ್ತಾಗಿ ಏನು ಮಾಡೂದೈತ್ರಿ” ಎಂದು ಸೆರಗಿನಿಂದ ಮುಖ ಒರೆಸಿಕೊಂಡಳು. “ಬಸ್ಸಿಗೆ ಯಾಕ ನಿಲ್ತೀರಿ? ಬಾಗೇವಾಡಿ ಮ್ಯಾಲ ಹಾಯ್ದ ಹೊಕ್ಕೇವಿ, ಬರ್ರಿ.” ಟೆಂಪೊದ ಮುಂದಿನ ಸೀಟಿನಲ್ಲಿ ಕೂತಿದ್ದ ಒಬ್ಬ ಮುದುಕಿಯನ್ನು ಎಬ್ಬಿಸಿ ಹಿಂದೆ ಕಳಿಸಿದಳು. “ಸರ ಕೂಡ್ರಲಿ ಅಲ್ಲಿ. ಅಕ್ಕನ ಜೋಡಿ ಕೆಲಸ ಮಾಡಿದವರು.”

ಬೇಡ ಎನ್ನಲಿಲ್ಲ. ಹತ್ತಿ ಕೂತೆ.